ಅಬಿಸ್ಕೊದ ಜೌಗಿನಲ್ಲಿ ಹತ್ತಿ ಅರಳಿದೆ

ಮಕ್ಕಳೇ, ಮನೆಯಲ್ಲಿ ಅಟ್ಲಾಸ್ ಇದ್ದರೆ ಸ್ವೀಡನ್ ದೇಶದ ಪುಟ ತೆಗೆಯಿರಿ. ಕೆಳಭಾಗದಲ್ಲಿ ಸ್ಟಾಕ್‌ಹೋಮ್ ಸಿಗುತ್ತದೆ. ಅಲ್ಲಿಂದ ಬೆರಳನ್ನು ಮೇಲಕ್ಕೆ ಸರಿಸುತ್ತಾ ಹೋಗಿ. ಊರುಗಳ ಹೆಸರು ಕಡಿಮೆಯಾಗುತ್ತಾ ಬರುತ್ತವೆ. ಆಮೇಲೆ ಆರ್ಕ್ಟಿಕ್ ವೃತ್ತದ ಚುಕ್ಕಿಗೆರೆ ಬರುತ್ತದೆ. ಅದನ್ನೂ ದಾಟಿ ಇನ್ನೂ ಸುಮಾರು 200 ಕಿಲೋಮೀಟರ್ ಹೋದರೆ, ನಾರ್ವೆಯ ಗಡಿ ಇನ್ನೇನು ಬಂತು ಅನ್ನುವಾಗ, ಉದ್ದನೆಯ ಒಂದು ಸರೋವರ ಕಾಣುತ್ತದೆ. ಹೆಸರು ಟೋರ್ನೆಟ್ರೆಸ್ಕ್. ಉದ್ದ ಸುಮಾರು 70 ಕಿಲೋಮೀಟರ್. ಅದರ ದಕ್ಷಿಣ ದಡದಲ್ಲಿ, ಕೈಬೆರಳೆಣಿಕೆಯ ಮನೆಗಳ ಒಂದು ಪುಟ್ಟ ಊರಿದೆ. ಅದೇ ಅಬಿಸ್ಕೊ.

ಅಷ್ಟು ದೂರದ ಹಳ್ಳಿಗೂ ಸ್ಟಾಕ್‌ಹೋಮಿನಿಂದ ನೇರ ರೈಲಿದೆ. ಸಂಜೆ ಹತ್ತಿದರೆ ಮರುದಿನ ಮಧ್ಯಾಹ್ನದ ಹೊತ್ತಿಗೆ ಇಳಿಸುತ್ತದೆ. ಅಲ್ಲಿಗೆ ರೈಲು ಬಂದದ್ದು ನಮ್ಮಂಥ ಪ್ರವಾಸಿಗರಿಗಾಗಿ ಅಲ್ಲ, ಕಬ್ಬಿಣಕ್ಕಾಗಿ. ಹತ್ತಿರದ ಕಿರುನಾ ಎಂಬಲ್ಲಿ ದೊಡ್ಡ ಗಣಿಯಿದೆ. ಅದರ ಅದಿರನ್ನು ನಾರ್ವೆಯ ನಾರ್ವಿಕ್ ಬಂದರಿಗೆ ಸಾಗಿಸಲು ಸುಮಾರು ನೂರಿಪ್ಪತ್ತು ವರ್ಷಗಳ ಹಿಂದೆ ಈ ಹಳಿ ಹಾಕಿದರು. ಇವತ್ತಿಗೂ ಅದಿರಿನ ಗಾಡಿಗಳು ಹಗಲೂ ರಾತ್ರಿಯೂ ಓಡುತ್ತವೆ. ಒಂದೊಂದು ಗಾಡಿಗೂ 68 ವ್ಯಾಗನ್. ನನ್ನ ಹತ್ತು ವರ್ಷದ ಮೊಮ್ಮಗಳು ಕಿಟಕಿಗೆ ಮೂಗು ಒತ್ತಿಕೊಂಡು ಎಣಿಸಿದಳು, ನಾನೂ ಎಣಿಸಿದೆ, ಇಬ್ಬರ ಲೆಕ್ಕವೂ ತಾಳೆಯಾಯಿತು. ಗಣಿ ಅಡಿಯಿಂದ ಕೊರೆಯುತ್ತಾ ಬಂದದ್ದರಿಂದ ಕಿರುನಾ ಊರನ್ನೇ ಎತ್ತಿ ಪಕ್ಕಕ್ಕೆ ಇಡುತ್ತಿದ್ದಾರೆ. ಆ ಕಥೆಗೆ ಬೇರೆ ಲೇಖನವೇ ಬೇಕು.

ನಾವು ಹೋದದ್ದು ಆಗಸ್ಟ್ ಮೊದಲ ವಾರ. ನಾನು, ನನ್ನಾಕೆ, ಸ್ಟಾಕ್‌ಹೋಮಿನಲ್ಲಿರುವ ಮಗಳು, ಮೊಮ್ಮಗಳು. ರೈಲಿನಿಂದ ಇಳಿದರೆ ಎಲ್ಲಿ ನೋಡಿದರೂ ಹಸಿರು. ಬರ್ಚ್ ಮರದ ಕುರುಚಲು ಕಾಡು, ಅದರ ಹಿಂದೆ ಯಾರೋ ಚಮಚದಲ್ಲಿ ಕೆರೆದು ತೆಗೆದ ಹಾಗೆ ನಡುವೆ ಗುಂಡಗೆ ತಗ್ಗಿದ ಲಾಪ್ಪೋರ್ಟೆನ್ ಬೆಟ್ಟದ ಬಾಗಿಲು, ಎದುರಿಗೆ ಸರೋವರದ ನೀಲಿ. ಜುಲೈ ಮಧ್ಯದವರೆಗೆ ಇಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಆಗಸ್ಟಿನಲ್ಲಿ ಮುಳುಗಿದ ಶಾಸ್ತ್ರ ಮಾಡಿ ಮತ್ತೆ ಎದ್ದು ಬರುತ್ತಾನೆ. ರಾತ್ರಿ ಹನ್ನೊಂದಕ್ಕೂ ದೀಪವಿಲ್ಲದೆ ಪೇಪರ್ ಓದಬಹುದು. ಸೊಳ್ಳೆಗಳಿಗೂ ಅದೇ ಅನುಕೂಲ, ಅವಕ್ಕೂ ರಾತ್ರಿ ಪಾಳಿ ಇಲ್ಲ.

"ತಾತ, ಇಷ್ಟೊಂದು ಹಸಿರಾಗಿದೆಯಲ್ಲ, ಆರ್ಕ್ಟಿಕ್‌ನಲ್ಲಿ ಐಸ್ ಎಲ್ಲಿ?" ಎಂದು ಕೇಳಿದಳು ಮೊಮ್ಮಗಳು.

ಐಸ್ ಕಾಲಡಿಯಲ್ಲಿತ್ತು. ಮಾರನೆಯ ದಿನ ನಾವು ನೋಡಲು ಹೋದದ್ದು ಅದನ್ನೇ.

ಅಬಿಸ್ಕೊದಿಂದ ಪೂರ್ವಕ್ಕೆ ಸುಮಾರು 10 ಕಿಲೋಮೀಟರ್ ದೂರದಲ್ಲಿ ಸ್ಟೋರ್ಡಾಲೆನ್ ಎಂಬ ಜೌಗು ಪ್ರದೇಶವಿದೆ. ಅಲ್ಲಿಗೆ ಕಾಲಿಡುವ ಮುಂಚೆ ಒಂದು ಒಗಟು. ಅಬಿಸ್ಕೊದಲ್ಲಿ ವರ್ಷಕ್ಕೆ ಬೀಳುವ ಮಳೆ ಮತ್ತು ಹಿಮ ಎರಡನ್ನೂ ಕೂಡಿಸಿದರೂ 300 ಮಿಲಿಮೀಟರ್ ಆಸುಪಾಸು. ಇದು ನಮ್ಮ ಚಳ್ಳಕೆರೆಯ ಮಳೆಗಿಂತ ಕಡಿಮೆ. ಚಳ್ಳಕೆರೆಯಲ್ಲಿ ಕುರಿ ಮೇಯುವ ಒಣ ಹುಲ್ಲುಗಾವಲು, ಇಲ್ಲಿ ಮೊಣಕಾಲು ಹೂಳುವ ಜೌಗು. ಯಾಕೆ ಹೀಗೆ?

ಎರಡು ಕಾರಣ. ಚಳಿಯಿಂದಾಗಿ ನೀರು ಬೇಗ ಆವಿಯಾಗುವುದಿಲ್ಲ. ಅದಕ್ಕಿಂತ ದೊಡ್ಡದು, ನೀರು ಕೆಳಕ್ಕೂ ಇಂಗುವುದಿಲ್ಲ. ಏಕೆಂದರೆ ಅರ್ಧ ಮೀಟರಿನಷ್ಟು ಕೆಳಗೆ ನೆಲ ಕಲ್ಲಿನಂತೆ ಹೆಪ್ಪುಗಟ್ಟಿ ಕೂತಿದೆ. ಎರಡು ವರ್ಷಕ್ಕೂ ಹೆಚ್ಚು ಕಾಲ ಸತತವಾಗಿ ಸೊನ್ನೆ ಡಿಗ್ರಿಯಲ್ಲೋ ಅದಕ್ಕಿಂತ ಕೆಳಗೋ ಇರುವ ನೆಲವನ್ನು ವಿಜ್ಞಾನಿಗಳು ಪರ್ಮಾಫ್ರಾಸ್ಟ್ ಎನ್ನುತ್ತಾರೆ. ನಾವು ಹೆಪ್ಪುನೆಲ ಅನ್ನೋಣ. ಬೇಸಿಗೆಯಲ್ಲಿ ಮೇಲಿನ ಪದರ ಮಾತ್ರ ಕರಗುತ್ತದೆ. ಗಿಡಗಳ ಸಂಸಾರವೆಲ್ಲ ಆ ತೆಳುವಾದ ಪದರದಲ್ಲೇ ನಡೆಯಬೇಕು. ಎರಡು ಮೂರು ತಿಂಗಳಲ್ಲಿ ಚಿಗುರಿ, ಹೂಬಿಟ್ಟು, ಕಾಯಿಕಟ್ಟಿ ಮುಗಿಸಬೇಕು.

ಜೌಗಿನ ಮೇಲೆ ಹಲಗೆ ಹಾಸಿದ ಹಾದಿಯಿದೆ. ಅದರ ಮೇಲೆ ನಡೆದರೆ ಎಡಬಲಕ್ಕೆ ನೆಲ ಒಂದೇ ಸಮ ಇಲ್ಲ. ಅಲ್ಲಲ್ಲಿ ಒಂದು, ಒಂದೂವರೆ ಮೀಟರ್ ಎತ್ತರದ ಅಗಲವಾದ ದಿಬ್ಬಗಳು. ಇವಕ್ಕೆ ಪಾಲ್ಸಾ ಎಂದು ಹೆಸರು. ಫಿನ್ನಿಷ್ ಭಾಷೆಯಿಂದ, ಇಲ್ಲಿನ ಮೂಲನಿವಾಸಿ ಸಾಮಿ ಜನರ ಭಾಷೆಯಿಂದ ಬಂದ ಮಾತು. ದಿಬ್ಬದ ಹೊರಗೆ ಕಪ್ಪು ಕಂದು ಬಣ್ಣದ ಪೀಟ್, ಹೊಟ್ಟೆಯೊಳಗೆ ಮಂಜುಗಡ್ಡೆ.

ಪೀಟ್ ಅಂದರೆ ಪೂರ್ತಿ ಕೊಳೆಯದೆ ಉಳಿದ ಹಾವಸೆ, ಬೇರು, ಎಲೆ. ತಾರಸಿಯಲ್ಲಿ ಕುಂಡ ಇಟ್ಟಿರುವವರ ಮನೆಯಲ್ಲಿ ಕೋಕೋಪೀಟ್ ಇರುತ್ತದಲ್ಲ, ತೆಂಗಿನ ನಾರಿನ ಪುಡಿ, ಅದಕ್ಕೆ ಆ ಹೆಸರು ಬಂದದ್ದು ಇದರಿಂದಲೇ. ಇಲ್ಲಿ ಗಿಡ ಸತ್ತರೆ ಚಳಿಯಿಂದಲೂ ನೀರಿನಿಂದಲೂ ಬೇಗ ಕೊಳೆಯುವುದಿಲ್ಲ. ಸತ್ತದ್ದರ ಮೇಲೆ ಹೊಸದು ಬೆಳೆಯುತ್ತದೆ. ಹೀಗೆ ಸಾವಿರಾರು ವರ್ಷ ಕೂಡಿಬಿದ್ದದ್ದು ಈ ಪೀಟ್.

ಅದರೊಳಗೆ ಮಂಜು ಬೇಸಿಗೆಯಲ್ಲೂ ಕರಗದೆ ಹೇಗೆ ಉಳಿಯಿತು? ನನ್ನ ವಯಸ್ಸಿನವರಿಗೆ ಹೇಳಬೇಕಾಗಿಲ್ಲ. ನಾವು ಚಿಕ್ಕವರಿದ್ದಾಗ ಸೋಡಾ ಅಂಗಡಿಯವನು ಮಂಜುಗಡ್ಡೆಯನ್ನು ಮರದ ಹೊಟ್ಟಿನಲ್ಲಿ ಹೂತು ಮೇಲೆ ಗೋಣಿಚೀಲ ಹೊದಿಸುತ್ತಿದ್ದ. ಏಪ್ರಿಲ್ ಬಿಸಿಲಿನಲ್ಲೂ ಸಂಜೆಯವರೆಗೆ ಗಡ್ಡೆ ಉಳಿಯುತ್ತಿತ್ತು. ಒಣಗಿದ ಪೀಟ್ ಆ ಹೊಟ್ಟಿನ ಹಾಗೆ. ಬೇಸಿಗೆಯ ಬಿಸಿಯನ್ನು ಒಳಗೆ ಬಿಡುವುದಿಲ್ಲ. ಶರತ್ಕಾಲದಲ್ಲಿ ಅದೇ ಪೀಟ್ ನೀರು ಕುಡಿದು ಹೆಪ್ಪುಗಟ್ಟುತ್ತದೆ, ಆಗ ಚಳಿ ಸಲೀಸಾಗಿ ಒಳಗೆ ಇಳಿಯುತ್ತದೆ. ಅದರ ಮೇಲೆ ದಿಬ್ಬದ ನೆತ್ತಿಯ ಹಿಮವನ್ನು ಗಾಳಿ ಗುಡಿಸಿಕೊಂಡು ಹೋಗುತ್ತದೆ. ಹಿಮವೂ ಒಂದು ಕಂಬಳಿಯೇ. ಕಂಬಳಿ ಇಲ್ಲದ ದಿಬ್ಬ ಚಳಿಗಾಲದಲ್ಲಿ ಚೆನ್ನಾಗಿ ತಣಿಯುತ್ತದೆ. ಒಳಗೆ ಮಂಜು ಬೆಳೆದಂತೆಲ್ಲ ಮೇಲಿನ ಪೀಟನ್ನು ಎತ್ತುತ್ತದೆ. ಒಟ್ಟಿನಲ್ಲಿ ಇದು ಬಹಳ ನಾಜೂಕಿನ ಲೆಕ್ಕ. ಚೂರು ಬಿಸಿ ಹೆಚ್ಚಾದರೂ, ಚೂರು ಹಿಮ ಹೆಚ್ಚಾದರೂ ತಪ್ಪಿಹೋಗುತ್ತದೆ.

ದಿಬ್ಬದ ಮೇಲೆ ಬೆಳೆಯುವವರು ಯಾರು, ತಗ್ಗಿನಲ್ಲಿ ಬೆಳೆಯುವವರು ಯಾರು ಅನ್ನುವುದು ಇಲ್ಲಿ ಮುಖ್ಯ. ದಿಬ್ಬ ಎತ್ತರವಾದ್ದರಿಂದ ಒಣಗಿರುತ್ತದೆ. ಅಲ್ಲಿ ಬೂದುಬಣ್ಣದ ಕಲ್ಲುಹೂವು. ನಮ್ಮ ಮಸಾಲೆ ಡಬ್ಬಿಯ ಕಲ್ಲುಹೂವಿನ ದೂರದ ನೆಂಟರು ಅನ್ನಿ. ಚಳಿಗಾಲದಲ್ಲಿ ಹಿಮಸಾರಂಗಗಳಿಗೆ ಇದೇ ಊಟ. ನೆಲಕ್ಕೆ ಅಂಟಿಕೊಂಡು ಹರಡುವ ಕ್ರೋಬೆರಿ ಇದೆ. ಕಪ್ಪಗೆ ಹೊಳೆಯುವ ಹಣ್ಣು ಬಿಡುತ್ತದೆ. ಮೊಣಕಾಲೆತ್ತರವೂ ಬಾರದ ಕುಳ್ಳ ಬರ್ಚ್ ಇದೆ. ಮತ್ತೆ ಎಲ್ಲರ ಕಣ್ಣೂ ಇರುವುದು ಕ್ಲೌಡ್‌ಬೆರಿಯ ಮೇಲೆ.

ಕ್ಲೌಡ್‌ಬೆರಿ ವಿಚಿತ್ರ ಹಣ್ಣು. ಎಲ್ಲ ಹಣ್ಣುಗಳೂ ಮಾಗಿದಾಗ ಕೆಂಪಾದರೆ ಇದು ಕಾಯಿಯಾಗಿರುವಾಗ ಕೆಂಪು, ಮಾಗಿದ ಮೇಲೆ ಕಿತ್ತಳೆ ಬಣ್ಣ. ಒಂದು ಕಾಂಡಕ್ಕೆ ಒಂದೇ ಹೂ, ಒಂದೇ ಹಣ್ಣು. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ, ನಮ್ಮ ಪಪ್ಪಾಯಿಯಲ್ಲಿ ಇರುವಂತೆ. ಹಾಗಾಗಿ ಇಡೀ ದಿಬ್ಬದ ತುಂಬ ಎಲೆ ಇದ್ದರೂ ಹಣ್ಣು ಕೆಲವು ಮಾತ್ರ. ಫಿನ್ಲೆಂಡಿನವರು ತಮ್ಮ ಎರಡು ಯೂರೋ ನಾಣ್ಯದ ಮೇಲೆ ಇದರದೇ ಚಿತ್ರ ಹಾಕಿಕೊಂಡಿದ್ದಾರೆ. ಬ್ಯಾಂಕಿನ ಕೌಂಟರಿನಲ್ಲಿ ಕೂತು ಜೀವನ ಕಳೆದ ನನಗೆ ನಾಣ್ಯಗಳ ಮೇಲೆ ಕಣ್ಣು ಜಾಸ್ತಿ. ರಾಜರ ತಲೆ ನೋಡಿ ನೋಡಿ ಸಾಕಾಗಿದ್ದವನಿಗೆ ಹಣ್ಣಿನ ನಾಣ್ಯ ಬಹಳ ಹಿಡಿಸಿತು. ಅಳತೆ ನಡೆಯುವ ಜಾಗವಾದ್ದರಿಂದ ಸ್ಟೋರ್ಡಾಲೆನ್‌ನಲ್ಲಿ ನಾವು ಒಂದನ್ನೂ ಕೀಳಲಿಲ್ಲ. ಊರಿನ ಅಂಗಡಿಯಲ್ಲಿ ಜಾಮ್ ಕೊಂಡೆವು. ಸ್ವಲ್ಪ ಹುಳಿ, ಸ್ವಲ್ಪ ಜೇನು, ಬಾಯಿತುಂಬ ಬೀಜ. ದೋಸೆಗೂ ಆಗುತ್ತದೆ.

ತಗ್ಗಿನಲ್ಲಿ ಬೇರೆಯದೇ ಪ್ರಪಂಚ. ಅಲ್ಲಿ ಸ್ಫ್ಯಾಗ್ನಮ್ ಎಂಬ ಹಾವಸೆಯ ಮೆತ್ತೆ. ನರ್ಸರಿಯವರು ಗೂಟಿ ಕಟ್ಟುವಾಗ ಕೊಂಬೆಗೆ ಸುತ್ತುವ ತೇವದ ಹಾವಸೆ ನೋಡಿದ್ದೀರಲ್ಲ, ಅದೇ ಜಾತಿ. ತನ್ನ ಒಣ ತೂಕದ ಹತ್ತಿಪ್ಪತ್ತು ಪಟ್ಟು ನೀರು ಹಿಡಿದಿಟ್ಟುಕೊಳ್ಳುತ್ತದೆ. ಅದರ ನಡುವೆ, ನೀರು ನಿಂತ ಕಡೆಯೆಲ್ಲ, ಹತ್ತಿಹುಲ್ಲು. ಹೆಸರೇ ಹೇಳುವಂತೆ ತೆಳ್ಳನೆಯ ಕಡ್ಡಿಯ ತುದಿಯಲ್ಲಿ ಬಿಳಿ ಹತ್ತಿಯ ಉಂಡೆ. ಗಾಳಿ ಬೀಸಿದರೆ ಸಾವಿರಾರು ಉಂಡೆಗಳು ಒಂದೇ ಕಡೆಗೆ ತಲೆದೂಗುತ್ತವೆ.

ನನ್ನಾಕೆ ಹಲಗೆಯ ಮೇಲೆ ಉದುರಿ ಬಿದ್ದಿದ್ದ ಒಂದು ಉಂಡೆ ತೆಗೆದುಕೊಂಡು ಅಂಗೈಯಲ್ಲಿ ಹೊಸೆಯತೊಡಗಿದಳು. "ಏನ್ರೀ, ಇದು ದೀಪದ ಬತ್ತಿಗೆ ಆಗುತ್ತೆ ನೋಡಿ" ಅಂದಳು. ಎಳೆ ಗಿಡ್ಡ, ಬೇಗ ತುಂಡಾಗುತ್ತದೆ, ಆದರೂ ಹೂಬತ್ತಿಯಂಥದ್ದೊಂದು ಆಯಿತು. ಆಮೇಲೆ ತಿಳಿಯಿತು, ಉತ್ತರ ಯೂರೋಪಿನ ಜನ ಹಿಂದೆ ನಿಜವಾಗಿಯೂ ಇದನ್ನು ಬತ್ತಿಗೆ, ದಿಂಬಿಗೆ ತುಂಬಲು ಬಳಸುತ್ತಿದ್ದರಂತೆ. ಅಜ್ಜಿಯ ಬುದ್ಧಿ ಎಲ್ಲ ದೇಶದಲ್ಲೂ ಒಂದೇ ಎಂದು ಮಗಳು ನಕ್ಕಳು.

ಚೆಂದವಾಗಿದೆಯಲ್ಲವೇ? ಆದರೆ ಈ ಬಿಳಿ ಹತ್ತಿ ಹೆಚ್ಚುತ್ತಿರುವುದೇ ಇಲ್ಲಿನ ವಿಜ್ಞಾನಿಗಳ ತಲೆನೋವು. ಅದು ಹೇಗೆ ಅನ್ನುವುದಕ್ಕೆ ಅಬಿಸ್ಕೊದ ಸಂಶೋಧನಾ ಕೇಂದ್ರದ ಲೆಕ್ಕದ ಪುಸ್ತಕ ನೋಡಬೇಕು.

ಈ ಕೇಂದ್ರ ಮೊದಲು ಶುರುವಾದದ್ದು 1903ರಲ್ಲಿ, ರೈಲುಹಳಿಯ ಪಕ್ಕದಲ್ಲೇ ಇನ್ನೂ ಪಶ್ಚಿಮದ ವಸ್ಸಿಯೌರೆ ಎಂಬಲ್ಲಿ. 1910ರಲ್ಲಿ ಕಟ್ಟಡಕ್ಕೆ ಬೆಂಕಿ ಬಿತ್ತು. ಆಮೇಲೆ ಅಬಿಸ್ಕೊದಲ್ಲಿ ಹೊಸದಾಗಿ ಕಟ್ಟಿದರು. 1913ರಿಂದ ಇಲ್ಲಿ ಹವಾಮಾನದ ದಾಖಲೆ ನಡೆದು ಬಂದಿದೆ. ಎರಡು ಮಹಾಯುದ್ಧಗಳು ಬಂದು ಹೋದವು, ಇವರ ಉಷ್ಣಮಾಪಕದ ಲೆಕ್ಕ ನಿಲ್ಲಲಿಲ್ಲ. ದಿನದ ಕೊನೆಗೆ ಒಂದು ರೂಪಾಯಿ ವ್ಯತ್ಯಾಸ ಬಂದರೂ ಮನೆಗೆ ಬಿಡದ ಮ್ಯಾನೇಜರುಗಳ ಕೈಕೆಳಗೆ ದುಡಿದ ನನಗೆ ಇಂಥ ಪುಸ್ತಕ ಕಂಡರೆ ಕೈಮುಗಿಯಬೇಕೆನಿಸುತ್ತದೆ.

ಆ ಪುಸ್ತಕ ಹೇಳುವುದಿಷ್ಟು. 1913ರಿಂದ 2006ರ ನಡುವೆ ಅಬಿಸ್ಕೊದ ವಾರ್ಷಿಕ ಸರಾಸರಿ ಉಷ್ಣತೆ ಸುಮಾರು 2.5 ಡಿಗ್ರಿ ಏರಿದೆ. ಎರಡೂವರೆ ಡಿಗ್ರಿ ಏನು ಮಹಾ, ನಮ್ಮಲ್ಲಿ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಹತ್ತು ಡಿಗ್ರಿ ವ್ಯತ್ಯಾಸ ಇರುತ್ತದೆ ಅನ್ನಬಹುದು. ಆದರೆ ಇಲ್ಲಿನ ಸರಾಸರಿ ಮೊದಲು ಸೊನ್ನೆಗಿಂತ ಸ್ವಲ್ಪವೇ ಕೆಳಗಿತ್ತು. ಈಗ ಸೊನ್ನೆಯನ್ನು ದಾಟಿದೆ. ಸೊನ್ನೆಗಿಂತ ಕೆಳಗೆ ನೀರು ಕಲ್ಲು, ಮೇಲೆ ಬಂದರೆ ಬರೀ ನೀರು. ಮಧ್ಯೆ ಇನ್ನೊಂದಿಲ್ಲ.

ನಾವು ಹೋದ ದಿನ ಜೌಗಿನಲ್ಲಿ ಒಬ್ಬ ಯುವತಿ ಕೆಲಸ ಮಾಡುತ್ತಿದ್ದರು. ಕೈಯಲ್ಲಿ ಉದ್ದನೆಯ ಉಕ್ಕಿನ ಸಲಾಕೆ, ಕತ್ತಿನಲ್ಲಿ ತೂಗುಹಾಕಿದ ನೋಟ್‌ಬುಕ್. ಗುರುತಿನ ಗೂಟದ ಪಕ್ಕ ಸಲಾಕೆಯನ್ನು ನೆಲಕ್ಕೆ ಒತ್ತುತ್ತಾರೆ. ಬೆಣ್ಣೆಗೆ ಚಾಕು ಇಳಿದ ಹಾಗೆ ಇಳಿಯುತ್ತದೆ, ಇಳಿಯುತ್ತದೆ, ಆಮೇಲೆ ಟಕ್ ಎಂದು ನಿಲ್ಲುತ್ತದೆ. ಅದು ಹೆಪ್ಪುನೆಲ. ಎಷ್ಟು ಸೆಂಟಿಮೀಟರ್ ಇಳಿಯಿತು ಎಂದು ಬರೆದುಕೊಂಡು ಮುಂದಿನ ಗೂಟಕ್ಕೆ ಹೋಗುತ್ತಾರೆ. ಮೊಮ್ಮಗಳ ಕುತೂಹಲ ನೋಡಿ ಅವಳ ಕೈಗೂ ಒಮ್ಮೆ ಸಲಾಕೆ ಕೊಟ್ಟರು. ಟಕ್ ಎಂದಾಗ ಅವಳ ಮುಖ ನೋಡಬೇಕಿತ್ತು. ಹಲಗೆಯ ಆಚೆ ಒಂದು ಗೂಟ ನೀರಿನಲ್ಲಿ ನಿಂತಿತ್ತು. "ಅಲ್ಲಿ ಈಗ ಟಕ್ ಅನ್ನುವುದಿಲ್ಲ" ಅಂದರು ಆಕೆ. ಮಿಕ್ಕ ವಿಷಯವನ್ನು ನಾನು ಅವರಿಂದಲೇ ಕೇಳಿ, ಆಮೇಲೆ ಓದಿ ತಿಳಿದದ್ದು.

ನೆಲ ಬಿಸಿಯಾದಾಗ ಗಿಡಗಳಿಗೆ ಮೊದಮೊದಲು ಹಬ್ಬ. ಹಿಮ ಬೇಗ ಕರಗುತ್ತದೆ, ಬೆಳೆಯಲು ಹೆಚ್ಚು ದಿನ ಸಿಗುತ್ತದೆ. ಅದಕ್ಕಿಂತ ಹೆಚ್ಚಿನದು ಸಾರಜನಕ. ಚಳಿಯ ನೆಲದಲ್ಲಿ ಗೊಬ್ಬರ ಇದ್ದರೂ ಇಲ್ಲದ ಹಾಗೆ, ಎಲ್ಲ ಹೆಪ್ಪುಗಟ್ಟಿ ಬೀಗ ಹಾಕಿಕೊಂಡಿರುತ್ತದೆ. ಹೆಪ್ಪುನೆಲದ ಮೇಲಂಚು ಕರಗಿದರೆ ಅಲ್ಲಿ ಸೇರಿದ್ದ ಸಾರಜನಕ ಬಿಡುಗಡೆಯಾಗುತ್ತದೆ. ಆದರೆ ಅದು ಸಿಗುವುದು ಆಳದಲ್ಲಿ. ಕ್ರೋಬೆರಿಯ ಬೇರು ಮೇಲೆ ಮೇಲೆ ಹರಡುವುದರಿಂದ ಅದಕ್ಕೆ ಎಟುಕುವುದಿಲ್ಲ. ಅಬಿಸ್ಕೊ ಸುತ್ತ ವಿಜ್ಞಾನಿಗಳು ಬೇಕೆಂದೇ ಆಳದಲ್ಲಿ ಗೊಬ್ಬರ ಇಟ್ಟು ನೋಡಿದರು. ಆಳಕ್ಕೆ ಬೇರು ಇಳಿಸುವ ಕ್ಲೌಡ್‌ಬೆರಿಯಂಥ ಗಿಡಗಳು ಅದನ್ನು ಹುಡುಕಿಕೊಂಡು ಹೋಗಿ ಚೆನ್ನಾಗಿ ಬೆಳೆದವು. ಹತ್ತಿಹುಲ್ಲಿನ ಬೇರಂತೂ ಇನ್ನೂ ಚುರುಕು. ಪ್ರತಿ ಬೇಸಿಗೆಯೂ ಹೊಸ ಬೇರು ಬಿಟ್ಟು, ಮಂಜು ಕರಗಿದಂತೆಲ್ಲ ಅದರ ಹಿಂದೆಯೇ ಇಳಿಯುತ್ತಾ ಹೋಗುತ್ತದೆ. ಐಸಿನಂಥ ತಣ್ಣನೆಯ ಕೆಸರಿನಲ್ಲೂ ಕೆಲಸ ಮಾಡುವ ಬೇರು ಅದು.

ಇಲ್ಲಿಗೆ ಕಥೆ ನಿಂತಿದ್ದರೆ ಎಲ್ಲರೂ ಖುಷಿಪಡಬಹುದಿತ್ತು. ಆದರೆ ಕ್ಲೌಡ್‌ಬೆರಿ ಕುಳಿತಿರುವುದು ಮಂಜಿನ ಬೆನ್ನ ಮೇಲೆ. ಒಳಗಿನ ಮಂಜು ಕರಗಿದರೆ ದಿಬ್ಬ ಎತ್ತರ ಕಳೆದುಕೊಳ್ಳುತ್ತದೆ. ಅಂಚು ಬಿರುಕು ಬಿಡುತ್ತದೆ, ತುಂಡು ತುಂಡಾಗಿ ನೀರಿಗೆ ಜಾರುತ್ತದೆ. ಹಲಗೆ ಹಾದಿಯಲ್ಲಿ ನಾವೇ ನೋಡಿದೆವು, ಕೇಕಿನ ಹೋಳಿನ ಹಾಗೆ ಸೀಳಿ ವಾಲಿದ ಪೀಟ್, ಅದರ ಮೇಲೆ ಇನ್ನೂ ಹಸಿರಾಗಿಯೇ ಇದ್ದ ಕ್ಲೌಡ್‌ಬೆರಿ ಎಲೆಗಳು, ಕೆಳಗೆ ಕಪ್ಪು ನೀರು. ನೆಲ ಒದ್ದೆಯಾದರೆ ಕಲ್ಲುಹೂವು, ಕ್ರೋಬೆರಿ, ಕುಳ್ಳ ಬರ್ಚ್, ಕ್ಲೌಡ್‌ಬೆರಿ ಒಂದೊಂದಾಗಿ ಸಾಯುತ್ತವೆ. ಅವುಗಳ ಜಾಗಕ್ಕೆ ಸ್ಫ್ಯಾಗ್ನಮ್ ಬರುತ್ತದೆ, ಇನ್ನೂ ನೀರು ಹೆಚ್ಚಾದರೆ ಹತ್ತಿಹುಲ್ಲು ಬರುತ್ತದೆ. ದೂರದಿಂದ ನೋಡಿದರೆ ಮೊದಲಿಗಿಂತ ದಟ್ಟ ಹಸಿರು. ಉಪಗ್ರಹದಿಂದ ನೋಡಿದರೂ ಹಸಿರು. ಯಾವ ಹಸಿರು ಎಂದು ಹತ್ತಿರ ಹೋಗಿ ಕೇಳಬೇಕು ಅಷ್ಟೆ.

ಇದು ಬಿಸಿಯಿಂದಲೇ ಆಗಬೇಕೆಂದೂ ಇಲ್ಲ. 2005ರಲ್ಲಿ ಹತ್ತಿರದ ಇನ್ನೊಂದು ಜೌಗಾದ ಸ್ಟೋರ್‌ಫ್ಲಾಕೆಟ್‌ನಲ್ಲಿ ಬೇಲಿಯಂಥ ತಡಿಕೆ ಕಟ್ಟಿ, ಗಾಳಿಗೆ ಹಾರುವ ಹಿಮ ಅಲ್ಲೇ ಕೂಡುವಂತೆ ಮಾಡಿದರು. ಹಿಮದ ಕಂಬಳಿ ದಪ್ಪವಾಯಿತು, ನೆಲಕ್ಕೆ ಚಳಿ ತಟ್ಟುವುದು ಕಡಿಮೆಯಾಯಿತು. ಕೆಲವೇ ವರ್ಷಗಳಲ್ಲಿ ಅಲ್ಲಿ ಕರಗುವ ಪದರ ಆಳವಾಯಿತು, ನೆಲ ತಗ್ಗಿತು, ಹತ್ತಿಹುಲ್ಲು ಹೆಚ್ಚಿತು. ಹಿಮ ಬಿದ್ದರೆ ತಂಪು ಎಂದು ನಾವಂದುಕೊಂಡರೆ, ನೆಲದ ಲೆಕ್ಕ ಅದಕ್ಕೆ ಉಲ್ಟಾ.

ಈಗ ತಲೆನೋವಿನ ವಿಷಯಕ್ಕೆ ಬರೋಣ. ಬ್ಯಾಂಕಿನ ಭಾಷೆಯಲ್ಲಿ ಹೇಳಿದರೆ ನನಗೆ ಸುಲಭ. ಗಿಡಗಳು ಗಾಳಿಯಿಂದ ಇಂಗಾಲವನ್ನು ತೆಗೆದುಕೊಂಡು ಬೆಳೆಯುತ್ತವೆ. ಇಲ್ಲಿ ಸತ್ತ ಮೇಲೂ ಕೊಳೆಯದೆ ಇರುವುದರಿಂದ ಆ ಇಂಗಾಲ ಫಿಕ್ಸೆಡ್ ಡೆಪಾಸಿಟ್ ಆಗಿ ನೆಲದಲ್ಲೇ ಉಳಿಯಿತು. ಭೂಮಿಯ ಉತ್ತರದ ಹೆಪ್ಪುನೆಲದ ಸೀಮೆಯಲ್ಲೆಲ್ಲ ಸೇರಿ ಇಂಥ ಠೇವಣಿ ಸುಮಾರು ಒಂದೂವರೆ ಲಕ್ಷ ಕೋಟಿ ಟನ್. ಇಡೀ ವಾತಾವರಣದಲ್ಲಿರುವ ಇಂಗಾಲದ ಸುಮಾರು ಎರಡರಷ್ಟು. ಅದಕ್ಕೆ ಚಳಿಯೇ ತಿಜೋರಿ, ಚಳಿಯೇ ಬೀಗದ ಕೈ.

ಮಂಜು ಕರಗಿ ನೀರು ನಿಂತಾಗ, ಗಾಳಿ ಸೋಕದ ಆ ಕೆಸರಿನಲ್ಲಿ ಕೆಲವು ಸೂಕ್ಷ್ಮಜೀವಿಗಳು ಹಳೆಯ ಸಸ್ಯದ ಉಳಿಕೆಗಳ ಮೇಲೆ ಕೆಲಸ ಶುರು ಮಾಡುತ್ತವೆ. ಅವು ಬಿಡುವ ಅನಿಲ ಮೀಥೇನ್. ಗೋಬರ್ ಗ್ಯಾಸ್ ಗುಂಡಿಯಲ್ಲಿ ಆಗುವುದೂ ಇದೇ, ಒಲೆಯಲ್ಲಿ ಉರಿಯುವುದೂ ಇದೇ. ಇಂಥ ಒಂದು ಜೀವಿಯನ್ನು ಈ ಜೌಗಿನಲ್ಲೇ ಕಂಡುಹಿಡಿದು 2014ರಲ್ಲಿ ಇದೇ ಜೌಗಿನ ಹೆಸರು ಇಟ್ಟರು. ಉಸಿರು ಹಿಡಿದು ಓದಿ: ಮೆಥನೋಫ್ಲೋರೆನ್ಸ್ ಸ್ಟೋರ್ಡಾಲೆನ್‌ಮಿರೆನ್ಸಿಸ್. ಮೊಮ್ಮಗಳು ಮೂರನೇ ಸಲಕ್ಕೆ ತಡವರಿಸದೆ ಹೇಳಿದಳು. ನನ್ನಾಕೆ "ಅಷ್ಟುದ್ದ ಹೆಸರಿಟ್ಟರೆ ಶಾಲೆಯಲ್ಲಿ ಹಾಜರಿ ಕರೆಯೋದು ಹೇಗೆ?" ಅಂದಳು.

ಗಾಳಿಗೆ ಸೇರಿದ ಮೀಥೇನ್, ನೂರು ವರ್ಷದ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ. ಕೆಸರಿನಿಂದ ನಿಧಾನವಾಗಿ ಮೇಲೇರಿ ಬಂದರೆ ದಾರಿಯಲ್ಲಿ, ಸ್ವಲ್ಪ ಗಾಳಿಯಾಡುವ ಪದರದಲ್ಲಿ, ಅದನ್ನು ತಿನ್ನುವ ಬೇರೆ ಸೂಕ್ಷ್ಮಜೀವಿಗಳಿವೆ. ಸ್ಫ್ಯಾಗ್ನಮ್ ಮೆತ್ತೆಯೊಳಗೂ ಅವು ವಾಸವಾಗಿರುತ್ತವೆ. ಟೋಲ್‌ಗೇಟಿನಲ್ಲಿ ಹಣ ಹಿಡಿದ ಹಾಗೆ ಒಂದಷ್ಟನ್ನು ಹಿಡಿದುಬಿಡುತ್ತವೆ. ಆದರೆ ಹತ್ತಿಹುಲ್ಲಿಗೆ ಒಂದು ಗುಣವಿದೆ. ನೀರಿನಲ್ಲಿ ಮುಳುಗಿದ ಬೇರಿಗೂ ಉಸಿರು ಬೇಕಲ್ಲ, ಅದಕ್ಕಾಗಿ ಅದರ ಎಲೆ, ಕಾಂಡ, ಬೇರುಗಳೊಳಗೆ ಗಾಳಿಯ ಕೊಳವೆಗಳಿವೆ. ಮೇಲಿನ ಗಾಳಿ ಕೆಳಗೆ ಹೋಗುವ ಅದೇ ದಾರಿಯಲ್ಲಿ ಕೆಳಗಿನ ಮೀಥೇನ್ ಮೇಲೆ ಬರುತ್ತದೆ. ಟೋಲ್‌ಗೇಟ್ ತಪ್ಪಿಸಿಕೊಂಡ ಬೈಪಾಸ್ ರಸ್ತೆ. ಇದು ಹತ್ತಿಹುಲ್ಲಿಗೆ ಮಾತ್ರ ಇರುವ ಗುಣವಲ್ಲ. ನಮ್ಮ ಮಂಡ್ಯದ ಗದ್ದೆಯಲ್ಲಿ ನೀರಿನಲ್ಲಿ ನಿಂತ ಭತ್ತದ ಪೈರಿನೊಳಗೂ ಇಂಥದೇ ಕೊಳವೆಗಳಿವೆ, ಅದರ ಮೂಲಕವೂ ಗದ್ದೆಯ ಮೀಥೇನ್ ಗಾಳಿಗೆ ಹೋಗುತ್ತದೆ. ಊರೂರಿನ ರೈತರಿಗೆ ಗದ್ದೆಯಲ್ಲಿ ಸದಾ ನೀರು ನಿಲ್ಲಿಸಬೇಡಿ, ಆಗಾಗ ಒಣಗಲು ಬಿಡಿ ಎಂದು ಹೇಳುವುದಕ್ಕೆ ನೀರಿನ ಉಳಿತಾಯದ ಜೊತೆ ಇದೂ ಒಂದು ಕಾರಣ. ಗದ್ದೆಯ ನೀರನ್ನಾದರೆ ತೂಬು ತೆಗೆದು ಬಿಡಬಹುದು. ಸ್ಟೋರ್ಡಾಲೆನ್‌ಗೆ ತೂಬಿಲ್ಲ.

1970ರಲ್ಲೂ 2000ದಲ್ಲೂ ಆಕಾಶದಿಂದ ತೆಗೆದ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ, ಮೂವತ್ತು ವರ್ಷದಲ್ಲಿ ಒಣ ದಿಬ್ಬದ ಗಿಡಗಳ ಜಾಗ ಕುಗ್ಗಿ, ಒದ್ದೆ ಜಾಗದ ಗಿಡಗಳು ಹರಡಿದ್ದು ಕಂಡಿತು. ಅದರ ಲೆಕ್ಕದಲ್ಲಿ ಇಡೀ ಜೌಗಿನ ಮೀಥೇನ್ 22ರಿಂದ 66 ಪ್ರತಿಶತ ಹೆಚ್ಚಿತ್ತು. ನ್ಯಾಯವಾಗಿ ಇನ್ನೊಂದು ಕಡೆಯ ಲೆಕ್ಕವನ್ನೂ ಹೇಳಬೇಕು. ಹತ್ತಿಹುಲ್ಲು ಹುಲುಸಾಗಿ ಬೆಳೆಯುವ ಗಿಡ. ಒಣ ದಿಬ್ಬಕ್ಕಿಂತ ಈ ಒದ್ದೆ ತಗ್ಗು ಗಾಳಿಯಿಂದ ಹೆಚ್ಚು ಇಂಗಾಲವನ್ನೂ ಹೀರುತ್ತದೆ. ಜಮಾ ಕಾಲಂ ದಪ್ಪವಾಗಿದೆ, ಆದರೆ ಖರ್ಚಿನ ಕಾಲಂನಲ್ಲಿ ಇರುವುದು ಮೀಥೇನ್, ಅದಕ್ಕೆ ಬಡ್ಡಿ ದುಬಾರಿ. ಮುಂದಿನ ಹಲವು ದಶಕಗಳ ಬಿಸಿಯನ್ನು ಎಣಿಸಿದರೆ ಬಡ್ಡಿಯೇ ಗೆಲ್ಲುತ್ತದೆ ಎಂದು ಅಳೆದವರು ಹೇಳುತ್ತಾರೆ.

ಬಿಸಿ ಎಂದರೆ ಬೆಳವಣಿಗೆ ಎಂದು ನಂಬುವವರಿಗೆ ಅಬಿಸ್ಕೊ ಇನ್ನೊಂದು ಪಾಠವನ್ನೂ ಇಟ್ಟಿದೆ. ಚಳಿಗಾಲದ ನಡುವೆ ಕೆಲವು ದಿನ ಬಿಸಿಗಾಳಿ ಬೀಸಿದರೆ ಹಿಮ ಕರಗಿ ಕ್ರೋಬೆರಿ ಬರಿಮೈಯಲ್ಲಿ ನಿಲ್ಲುತ್ತದೆ. ವಸಂತ ಬಂತೆಂದು ಮೊಗ್ಗು ಮೈಮುರಿಯುತ್ತದೆ. ಅಷ್ಟರಲ್ಲಿ ಚಳಿ ವಾಪಸ್. 2007ರ ಡಿಸೆಂಬರಿನಲ್ಲಿ ಉತ್ತರ ಸ್ಕ್ಯಾಂಡಿನೇವಿಯಾದಲ್ಲಿ ಹೀಗಾಗಿ, ಮುಂದಿನ ಬೇಸಿಗೆಯಲ್ಲಿ 1,400 ಚದರ ಕಿಲೋಮೀಟರಿಗೂ ಹೆಚ್ಚು ನೆಲ ಕಂದಿಹೋಗಿತ್ತು. ಸಾಮಿ ಜನರಿಗೆ ಇಂಥ ದಿನಗಳು ಇನ್ನೂ ಕಷ್ಟ. ಕರಗಿದ ಹಿಮ ಮತ್ತೆ ಗಟ್ಟಿಯಾಗಿ ನೆಲದ ಮೇಲೆ ಗಾಜಿನಂಥ ಪದರ ಕೂರುತ್ತದೆ. ಹಿಮಸಾರಂಗ ಗೊರಸಿನಲ್ಲಿ ಎಷ್ಟು ಕೆರೆದರೂ ಕೆಳಗಿನ ಕಲ್ಲುಹೂವು ಬಾಯಿಗೆ ಸಿಗುವುದಿಲ್ಲ. ಆಗ ಅವರು ಮೇವು ಕೊಂಡು ತಂದು ಹಾಕಬೇಕು.

ಹೊರಡುವ ಮುಂಚೆ ಮೊಮ್ಮಗಳು ಸಲಾಕೆಯ ಆಂಟಿಯನ್ನು ಕೇಳಿದಳು, ನಾನು ದೊಡ್ಡವಳಾದ ಮೇಲೆ ಬಂದರೆ ಈ ದಿಬ್ಬ ಇರುತ್ತದಾ ಎಂದು. ಸ್ವೀಡನ್, ನಾರ್ವೆ, ಫಿನ್ಲೆಂಡಿನ ಹೆಚ್ಚಿನ ಕಡೆ ಪಾಲ್ಸಾಗಳಿಗೆ ಬೇಕಾದಷ್ಟು ಚಳಿ 2040ರ ಹೊತ್ತಿಗೇ ಇಲ್ಲವಾಗಬಹುದು ಎಂಬ ಅಂದಾಜಿದೆ. ಆಗ ಅವಳಿಗೆ ಇಪ್ಪತ್ತೈದರ ಆಸುಪಾಸು. ಪೀಟ್ ದಪ್ಪವಾಗಿರುವ ಕಡೆ ಒಳಗಿನ ಮಂಜು ಇನ್ನೂ ಕೆಲವು ಕಾಲ ತಡೆದೀತು. ಆಕೆ ಮಗುವಿಗೆ ಸುಳ್ಳು ಹೇಳಲಿಲ್ಲ, ಹೆದರಿಸಲೂ ಇಲ್ಲ. "ಈ ಸಣ್ಣದು ಬಹುಶಃ ಇರುವುದಿಲ್ಲ. ಆ ದೊಡ್ಡದು ಇರಬಹುದು, ಬಂದು ನೋಡು" ಎಂದರು.

ಮೊಮ್ಮಗಳು ಹಲಗೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತು ಸಣ್ಣ ದಿಬ್ಬದ ಅಂಚಿನ ಕ್ಲೌಡ್‌ಬೆರಿ ಎಣಿಸಿದಳು. ಒಂದು ಹಲಗೆಯ ಉದ್ದಕ್ಕೆ ಎಲೆ 31, ಹಣ್ಣು 2, ಅದರಲ್ಲಿ ಒಂದು ಇನ್ನೂ ಕೆಂಪು. ತನ್ನ ಚಿತ್ರದ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡಳು. ತಾರೀಖು ಹಾಕಿರಲಿಲ್ಲ. ನಾನು ಹೇಳಿ ಹಾಕಿಸಿದೆ.